ಯುರೋಪಿನಲ್ಲಿ ಕಂಪನಿ ತೆರೆಯುವುದಾದರೆ ಎಲ್ಲಿ? ಎಸ್ಟೋನಿಯಾ, ಐರ್ಲೆಂಡ್, ನೆದರ್ಲೆಂಡ್ಸ್, ಜರ್ಮನಿಯ ಹೋಲಿಕೆ

ಯುರೋಪಿನಲ್ಲಿ ಒಂದು ಕಂಪನಿ ಮಾಡಿಕೊಳ್ಳಬೇಕು ಅನ್ನುವವರು ಈಗ ಜಾಸ್ತಿಯಾಗಿದ್ದಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಹೊರದೇಶದ ಗಿರಾಕಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವರಿದ್ದಾರೆ. ಮ್ಯೂನಿಕ್, ಐಂಡ್‌ಹೋವನ್, ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದುಕೊಂಡೇ ಸ್ವಂತದ್ದೇನಾದರೂ ಶುರು ಮಾಡೋಣ ಎಂದುಕೊಂಡವರಿದ್ದಾರೆ. ಚನ್ನಪಟ್ಟಣದ ಬೊಂಬೆಯನ್ನೋ ಚಿಕ್ಕಮಗಳೂರಿನ ಕಾಫಿಯನ್ನೋ ಅಲ್ಲಿ ಮಾರಬೇಕು ಅನ್ನುವವರಿದ್ದಾರೆ. ಎಲ್ಲರೂ ಕೇಳುವುದು ಒಂದೇ: "ಎಲ್ಲಿ ತೆರೆದರೆ ಅಗ್ಗ?"

ಒಂದು ಕಾಲಕ್ಕೆ ಅದು ಸರಿಯಾದ ಪ್ರಶ್ನೆಯೇ ಆಗಿತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಸಣ್ಣ ಲಿಮಿಟೆಡ್ ಕಂಪನಿಗೂ 2 ಲಕ್ಷ ಕ್ರೋನ್ ಬಂಡವಾಳ ಬೇಕಿತ್ತು. ಒಬ್ಬ ಡೇನಿಷ್ ದಂಪತಿ ಬ್ರಿಟನ್ನಿನಲ್ಲಿ 100 ಪೌಂಡ್ ಬಂಡವಾಳದ 'ಸೆಂಟ್ರೋಸ್' ಎಂಬ ಕಂಪನಿ ಮಾಡಿಕೊಂಡು, ಅದರ ಶಾಖೆಯನ್ನು ಡೆನ್ಮಾರ್ಕಿನಲ್ಲಿ ತೆರೆಯಲು ಹೊರಟರು. ಬ್ರಿಟನ್ನಿನಲ್ಲಿ ಅವರಿಗೆ ವ್ಯವಹಾರವೇನೂ ಇರಲಿಲ್ಲ. ಡೆನ್ಮಾರ್ಕಿನ ಅಧಿಕಾರಿಗಳು ಇದು ನಮ್ಮ ಕಾನೂನಿನಿಂದ ನುಣುಚಿಕೊಳ್ಳುವ ಉಪಾಯ ಎಂದು ಅರ್ಜಿ ತಿರಸ್ಕರಿಸಿದರು. 1999ರ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯ ದಂಪತಿಯ ಪರವಾಗಿ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿ ಬೇಕಾದರೂ ಕಂಪನಿ ಮಾಡಿಕೊಳ್ಳಬಹುದು, ಮತ್ತೊಂದು ದೇಶ ಅದನ್ನು ಒಪ್ಪಲೇಬೇಕು ಎಂದಾಯಿತು.

ಆಮೇಲೆ ಸಾವಿರಾರು ಜರ್ಮನ್ನರು ಲಂಡನ್ ಕಂಪನಿ ಮಾಡಿಕೊಳ್ಳಲು ಶುರು ಮಾಡಿದರು. ಜರ್ಮನಿ ತನ್ನ ಕಾನೂನು ಬದಲಿಸಿತು. 2008ರ ನವೆಂಬರ್‌ನಿಂದ 1 ಯೂರೊ ಬಂಡವಾಳದ ಕಂಪನಿ ಅಲ್ಲೂ ಬಂತು. ನೆದರ್ಲೆಂಡ್ಸ್ 2012ರ ಅಕ್ಟೋಬರ್‌ನಲ್ಲಿ 18,000 ಯೂರೊ ಕನಿಷ್ಠ ಬಂಡವಾಳದ ನಿಯಮವನ್ನೇ ತೆಗೆದುಹಾಕಿತು. ಎಸ್ಟೋನಿಯಾದಲ್ಲಿದ್ದ 2,500 ಯೂರೊ ಮಿತಿ 2023ರ ಫೆಬ್ರುವರಿಯಲ್ಲಿ 1 ಸೆಂಟ್‌ಗೆ ಇಳಿಯಿತು. ತಮಾಷೆ ಅಂದರೆ, ಇದನ್ನೆಲ್ಲ ಮಾಡಿ ಎಂದು ಬ್ರಸೆಲ್ಸ್, ಅಂದರೆ ಒಕ್ಕೂಟದ ಆಡಳಿತ, ಹೇಳಿರಲಿಲ್ಲ. ಒಕ್ಕೂಟದ ಕಾನೂನು ಕನಿಷ್ಠ ಬಂಡವಾಳ ಕೇಳುವುದು ಪಬ್ಲಿಕ್ ಕಂಪನಿಗಳಿಗೆ ಮಾತ್ರ, ಅದು 25,000 ಯೂರೊ. ಪ್ರೈವೇಟ್ ಕಂಪನಿಗಳ ವಿಷಯದಲ್ಲಿ ಪಕ್ಕದ ಮನೆಗೆ ಗಿರಾಕಿ ಹೋದಾನೆಂಬ ಭಯವೇ ಕೆಲಸ ಮಾಡಿತು. ಬ್ರಸೆಲ್ಸ್ ಕಟ್ಟುನಿಟ್ಟಾಗಿ ಹೇಳಿದ್ದು ಬೇರೆ ವಿಷಯ. ಕಂಪನಿಯ ವಿವರ ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಸಿಗಬೇಕು, ಒಬ್ಬನೇ ಷೇರುದಾರನ ಕಂಪನಿಗೂ ಅವಕಾಶ ಇರಬೇಕು, 2019ರ ನಿರ್ದೇಶನದ ಪ್ರಕಾರ ಆನ್‌ಲೈನ್‌ನಲ್ಲೇ ಕಂಪನಿ ತೆರೆಯಲು ಸಾಧ್ಯವಾಗಬೇಕು. ಸಿದ್ಧ ನಮೂನೆ ಬಳಸಿದರೆ 5 ಕೆಲಸದ ದಿನ, ಇಲ್ಲದಿದ್ದರೆ 10 ದಿನ.

ಹಾಗಾಗಿ ಈಗ ಬಾಗಿಲ ಹತ್ತಿರ ಎಲ್ಲ ದೇಶಗಳೂ ಹೆಚ್ಚು ಕಡಿಮೆ ಒಂದೇ. ಒಳಗೆ ಹೋದ ಮೇಲೆ ಅವು ಬೇರೆ ಬೇರೆ. ನೋಂದಣಿ ಖರ್ಚು ನೋಡಿ ದೇಶ ಆರಿಸುವುದು ಅಡ್ವಾನ್ಸ್ ಕಮ್ಮಿ ಅಂತ ಛತ್ರ ಬುಕ್ ಮಾಡಿದ ಹಾಗೆ.

ಏನೇನು ನೋಡಬೇಕು

ಎಲ್ಲಕ್ಕಿಂತ ಮೊದಲು, ನೀವು ವಾಸವಿರುವುದು ಎಲ್ಲಿ? ಉಳಿದ ಅರ್ಧ ಪ್ರಶ್ನೆಗಳಿಗೆ ಇದೇ ಉತ್ತರ ಕೊಡುತ್ತದೆ. ನಿಮ್ಮ ಮೇಲೆ ತೆರಿಗೆ ಹಾಕುವುದು ನೀವು ಬಾಳುವ ದೇಶ. ಕಂಪನಿಯ ಹೆಸರಿನ ಬೋರ್ಡು ಎಲ್ಲಿದೆ ಅನ್ನುವುದು ಆಮೇಲಿನ ಮಾತು.

ಎರಡನೆಯದು, ನಿಮಗೆ ದುಡ್ಡು ಕೊಡುವವರು ಯಾರು? ದೊಡ್ಡ ಕಂಪನಿಯೋ, ಅಂಗಡಿಯವರೋ, ಮನೆಮನೆಯ ಗ್ರಾಹಕರೋ, ಹೂಡಿಕೆದಾರರೋ? ಮೂರನೆಯದು, ಬಂದ ಲಾಭವನ್ನು ತಿಂಗಳು ತಿಂಗಳು ಮನೆಗೆ ತರಬೇಕೋ, ಕಂಪನಿಯಲ್ಲೇ ಬಿಟ್ಟು ಬೆಳೆಸಬೇಕೋ? ಆಮೇಲೆ ವರ್ಷ ವರ್ಷದ ಖರ್ಚು: ಲೆಕ್ಕಪತ್ರ, ರಿಟರ್ನ್, ವಿಳಾಸ, ಸ್ಥಳೀಯ ಪ್ರತಿನಿಧಿ. ಬ್ಯಾಂಕ್ ಖಾತೆ ಸಿಗುತ್ತದಾ ಅನ್ನುವುದನ್ನು ತುಂಬ ಜನ ಕೊನೆಗೆ ನೋಡುತ್ತಾರೆ, ಮೊದಲೇ ನೋಡಬೇಕು. ಕೊನೆಯದಾಗಿ, ಮುಚ್ಚುವುದು ಎಷ್ಟು ಕಷ್ಟ? ಶುರು ಮಾಡುವಾಗ ಇದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ ಅಂತಲೋ ಏನೋ.

ತೆರೆಯದೇ ಇರುವುದೂ ಒಂದು ಆಯ್ಕೆ

ನೀವು ಕರ್ನಾಟಕದಲ್ಲೇ ಇದ್ದು, ಯುರೋಪಿನ ಕಂಪನಿಗಳಿಗೆ ಸೇವೆ ಮಾರುತ್ತಿದ್ದರೆ, ಬಹುತೇಕ ಅಲ್ಲಿ ಕಂಪನಿ ಬೇಕಾಗಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಎಲ್‌ಯುಟಿ (ರಫ್ತುದಾರರ ಮುಚ್ಚಳಿಕೆ ಪತ್ರ) ಹಾಕಿ, ತೆರಿಗೆ ಸೇರಿಸದೆ ಬಿಲ್ ಮಾಡಿ ಕಳಿಸಬಹುದು. ಅಲ್ಲಿನ ಕಂಪನಿ ತನ್ನ ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಅನ್ನು ರಿವರ್ಸ್ ಚಾರ್ಜ್‌ನಲ್ಲಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ಕೆಲವು ವೃತ್ತಿಗಳಿಗೆ ನಮ್ಮಲ್ಲಿ ಪ್ರಿಸಂಪ್ಟಿವ್ ತೆರಿಗೆ ಇದೆ. ವರ್ಷಕ್ಕೆ 75 ಲಕ್ಷದವರೆಗೆ, ನಗದು ವ್ಯವಹಾರ ತೀರಾ ಕಡಿಮೆ ಇದ್ದರೆ, ಬಂದ ಹಣದ ಅರ್ಧವನ್ನು ಮಾತ್ರ ಆದಾಯ ಎಂದು ತೋರಿಸಿದರೆ ಸಾಕು.

ಯಾವಾಗ ಇದು ಸಾಲದು? ಗಿರಾಕಿಯ ಖರೀದಿ ವಿಭಾಗ "ಒಕ್ಕೂಟದೊಳಗಿನ ವೆಂಡರ್ ಮಾತ್ರ" ಎಂದು ಹಠ ಹಿಡಿದಾಗ. ನಿಮಗೆ ಬೇಕಾದ ಪೇಮೆಂಟ್ ಗೇಟ್‌ವೇ ಭಾರತದ ಖಾತೆ ಕೊಡದಿದ್ದಾಗ. ಅಲ್ಲಿನ ಹೂಡಿಕೆದಾರರು ಬಂದಾಗ. ಸರಕನ್ನು ಅಲ್ಲಿ ದಾಸ್ತಾನು ಇಟ್ಟು ಮಾರಬೇಕಾದಾಗ. ಈ ನಾಲ್ಕರಲ್ಲಿ ಒಂದೂ ನಿಮಗೆ ಅನ್ವಯಿಸದಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ.

ಭಾರತದಲ್ಲಿ ಕೂತು ತೆರೆಯುವವರಿಗೆ: ಮೊದಲು ಇಲ್ಲಿನ ಕಾನೂನು

ಜಾಹೀರಾತುಗಳು ಈ ಭಾಗವನ್ನು ಹೇಳುವುದಿಲ್ಲ. ಭಾರತದ ನಿವಾಸಿಯೊಬ್ಬರು ಹೊರದೇಶದ ಪ್ರೈವೇಟ್ ಕಂಪನಿಯಲ್ಲಿ ಷೇರು ತೆಗೆದುಕೊಂಡರೆ ಅದು 2022ರ ಸಾಗರೋತ್ತರ ಹೂಡಿಕೆ ನಿಯಮಗಳಡಿ ಬರುತ್ತದೆ. 1 ಸೆಂಟ್ ಹಾಕಿದರೂ ಬರುತ್ತದೆ. ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ತುಂಬಿ, ರಿಸರ್ವ್ ಬ್ಯಾಂಕಿನಿಂದ ಯುಐಎನ್ ಎಂಬ ಸಂಖ್ಯೆ ಪಡೆದು, ಆಮೇಲೆ ಹಣ ಕಳಿಸಬೇಕು. ಷೇರು ಸಿಕ್ಕಿದ್ದಕ್ಕೆ ದಾಖಲೆ 6 ತಿಂಗಳೊಳಗೆ ಕೊಡಬೇಕು. ವೈಯಕ್ತಿಕವಾಗಿ ಕಳಿಸಬಹುದಾದ್ದು ವರ್ಷಕ್ಕೆ 2,50,000 ಡಾಲರ್‌ವರೆಗೆ. ಹೂಡಿಕೆಗಾಗಿ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ಅದರ ಮೇಲಿನ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್‌ನಲ್ಲಿ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಹಣ ಕೈಗೆ ಸಿಗದು.

ಇದರ ಜೊತೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ತುಂಬಬೇಕು. ಬಿಟ್ಟರೆ, ಇಂಥ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ದಾಟಿದ್ದಾಗ, ಕಪ್ಪುಹಣದ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಲಾಭ ಬಂದಿಲ್ಲ ಎಂಬುದು ನೆಪವಾಗುವುದಿಲ್ಲ.

ಇನ್ನೊಂದು ಭಯ ಹಲವರಿಗಿದೆ: "ನಾನು ಜಯನಗರದಲ್ಲಿ ಕೂತು ನಡೆಸಿದರೆ ಆ ಕಂಪನಿಯನ್ನೇ ಭಾರತದ್ದು ಅಂತಾರಾ?" ನಿರ್ವಹಣೆಯ ಕೇಂದ್ರ ಇಲ್ಲಿದ್ದರೆ ಹಾಗೆ ಪರಿಗಣಿಸುವ ನಿಯಮ ಇದೆ. ಆದರೆ ವರ್ಷದ ವಹಿವಾಟು 50 ಕೋಟಿ ರೂಪಾಯಿ ದಾಟದ ಕಂಪನಿಗಳಿಗೆ ಅದನ್ನು ಹಾಕುವುದಿಲ್ಲ ಎಂದು 2017ರ ಸುತ್ತೋಲೆ ಹೇಳಿದೆ. ಅಷ್ಟಕ್ಕೇ ನಿರಾಳರಾಗಬೇಡಿ. ಕೆಲಸವೆಲ್ಲ ಇಲ್ಲೇ ನಡೆದರೆ, ಆ ಕಂಪನಿಗೆ ಭಾರತದಲ್ಲಿ ಖಾಯಂ ನೆಲೆ ಇದೆ ಎಂದು ಆ ಲಾಭಕ್ಕೆ ಇಲ್ಲೇ ತೆರಿಗೆ ಕೇಳುವ ದಾರಿ ಬೇರೆಯೇ ಇದೆ.

ಹೊರದೇಶದಲ್ಲಿ ನೆಲೆಸಿದವರಿಗೆ ಈ ಫೆಮಾ (ವಿದೇಶಿ ವಿನಿಮಯ ಕಾನೂನು) ಗೋಜಲು ಇಲ್ಲ. ಅಲ್ಲಿದ್ದಾಗ ಮಾಡಿಕೊಂಡ ಕಂಪನಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಬಹುದು. ರಿಟರ್ನ್‌ನಲ್ಲಿ ತೋರಿಸಬೇಕು, ಅಷ್ಟೇ.

ಎಸ್ಟೋನಿಯಾ: ತೆರೆಯುವುದು ಸುಲಭ, ಲಾಭ ತರುವುದು ದುಬಾರಿ

2014ರ ಡಿಸೆಂಬರ್‌ನಲ್ಲಿ ಎಸ್ಟೋನಿಯಾ ಇ-ರೆಸಿಡೆನ್ಸಿ ಶುರು ಮಾಡಿತು. ಪ್ರಪಂಚದ ಬಹುತೇಕ ಯಾರು ಬೇಕಾದರೂ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಒಂದು ಚಿಪ್ ಕಾರ್ಡ್ ಪಡೆಯಬಹುದು. ದೆಹಲಿಯ ರಾಯಭಾರ ಕಚೇರಿಯಲ್ಲೂ ಅದು ಸಿಗುತ್ತದೆ. ಆ ಕಾರ್ಡಿನಿಂದ ಡಿಜಿಟಲ್ ಸಹಿ ಹಾಕಿ ಮನೆಯಲ್ಲೇ ಕೂತು ಕಂಪನಿ ನೋಂದಾಯಿಸಬಹುದು. ಬೇರೆ ದೇಶಗಳ ಆನ್‌ಲೈನ್ ನೋಂದಣಿ ನಮಗೆ ತಕ್ಷಣ ಉಪಯೋಗಕ್ಕೆ ಬಾರದಿರುವುದಕ್ಕೆ ಕಾರಣವೇ ಇದು: ಅಲ್ಲೆಲ್ಲ ಒಕ್ಕೂಟ ಒಪ್ಪುವ ಎಲೆಕ್ಟ್ರಾನಿಕ್ ಗುರುತು ಬೇಕು, ನಮ್ಮ ಆಧಾರ್ ಅಲ್ಲಿ ನಡೆಯುವುದಿಲ್ಲ. ಈ ಕಾರ್ಡ್ ವೀಸಾ ಅಲ್ಲ, ವಾಸದ ಪರವಾನಗಿಯೂ ಅಲ್ಲ. ಹೆಸರು ಕೇಳಿ ಮೋಸಹೋಗಬೇಡಿ.

ಎಲ್ಲರನ್ನೂ ಸೆಳೆಯುವುದು "ಸೊನ್ನೆ ತೆರಿಗೆ" ಅನ್ನುವ ಮಾತು. 2000ದಿಂದ ಅಲ್ಲಿನ ಪದ್ಧತಿ ಹೀಗಿದೆ: ಲಾಭ ಕಂಪನಿಯೊಳಗೇ ಇರುವವರೆಗೆ ತೆರಿಗೆ ಇಲ್ಲ, ಹೊರಗೆ ತೆಗೆದಾಗ ಮಾತ್ರ. 2025ರಿಂದ ಆ ದರ 22%. ಭಾರತದಲ್ಲಿ ಕೂತವರಿಗೆ ಇದು ಏನಾಗುತ್ತದೆ ನೋಡೋಣ.

ಖರ್ಚು ಇಲ್ಲವೆಂದುಕೊಂಡು ಮಾತಿಗೆ 10,000 ಯೂರೊ ಲಾಭ ಎನ್ನಿ. ಪೂರ್ತಿ ಡಿವಿಡೆಂಡ್ ತೆಗೆದರೆ ಎಸ್ಟೋನಿಯಾಕ್ಕೆ 2,200 ಹೋಗಿ 7,800 ಉಳಿಯಿತು. ಅದು ಭಾರತದಲ್ಲಿ ನಿಮ್ಮ ಆದಾಯ. 30% ಸ್ಲ್ಯಾಬ್, 4% ಸೆಸ್ ಸೇರಿ ಸುಮಾರು 2,430. ಆ 2,200 ಕಂಪನಿ ಕಟ್ಟಿದ ತೆರಿಗೆಯೇ ಹೊರತು ನಿಮ್ಮ ಹೆಸರಿನಲ್ಲಿ ಮುರಿದುಕೊಂಡದ್ದಲ್ಲ, ಹಾಗಾಗಿ ಸಾಮಾನ್ಯವಾಗಿ ಅದಕ್ಕೆ ಇಲ್ಲಿ ಕ್ರೆಡಿಟ್ ಸಿಗುವುದಿಲ್ಲ. ಕೊನೆಗೆ ಕೈಗೆ ಬಂದದ್ದು 5,370 ಯೂರೊ ಆಸುಪಾಸು. ಅದೇ 10,000 ಯೂರೊವನ್ನು ಕಂಪನಿಯೇ ಇಲ್ಲದೆ ಇಲ್ಲಿನ ಪ್ರಿಸಂಪ್ಟಿವ್ ಲೆಕ್ಕದಲ್ಲಿ ತಂದಿದ್ದರೆ, ಅರ್ಧಕ್ಕೆ ಮಾತ್ರ ತೆರಿಗೆ, 1,560 ಯೂರೊ. ಕೈಯಲ್ಲಿ 8,440. ಮೂರು ಸಾವಿರ ಯೂರೊ ವ್ಯತ್ಯಾಸ. ಅದರ ಮೇಲೆ ಅಲ್ಲಿನ ಅಕೌಂಟೆಂಟ್, ಕಾನೂನು ವಿಳಾಸ, ಕಡ್ಡಾಯವಾದ ಸ್ಥಳೀಯ ಸಂಪರ್ಕ ವ್ಯಕ್ತಿಯ ಶುಲ್ಕ ಬೇರೆ.

ಹಾಗಾದರೆ ಎಸ್ಟೋನಿಯಾ ಯಾರಿಗೆ? ಲಾಭವನ್ನು ಹೊರಗೆ ತೆಗೆಯದೆ ಕೆಲವು ವರ್ಷ ಅದೇ ವ್ಯವಹಾರಕ್ಕೆ ಹಾಕುವವರಿಗೆ. ಸಾಫ್ಟ್‌ವೇರ್ ಉತ್ಪನ್ನ ಮಾಡಿ ಯುರೋಪಿನ ಗ್ರಾಹಕರಿಗೆ ಚಂದಾ ಲೆಕ್ಕದಲ್ಲಿ ಮಾರುವವರಿಗೆ. ಬೇರೆ ಬೇರೆ ದೇಶಗಳಲ್ಲಿರುವ ಪಾಲುದಾರರಿಗೆ. ಬ್ಯಾಂಕ್ ವಿಷಯದಲ್ಲಿ ಒಂದು ಎಚ್ಚರಿಕೆ: ದೇಶದಲ್ಲಿ ವ್ಯವಹಾರವಿಲ್ಲದ ಇ-ನಿವಾಸಿಗೆ ಅಲ್ಲಿನ ಸಾಂಪ್ರದಾಯಿಕ ಬ್ಯಾಂಕುಗಳು ಖಾತೆ ಕೊಡಲು ಹಿಂದೆಮುಂದೆ ನೋಡುತ್ತವೆ. ಹೆಚ್ಚಿನವರು ಫಿನ್‌ಟೆಕ್ (ಆನ್‌ಲೈನ್ ಹಣಕಾಸು ಕಂಪನಿಗಳ) ಖಾತೆಯಲ್ಲೇ ಸಂಭಾಳಿಸುತ್ತಾರೆ. ಅದು ಸಿಗುತ್ತದೋ ಇಲ್ಲವೋ ನೋಡಿಕೊಂಡೇ ಮುಂದೆ ಹೋಗಿ.

ಐರ್ಲೆಂಡ್: ನಮ್ಮ ಸಿಎಗೂ ಅರ್ಥವಾಗುವ ಕಾನೂನು

ಐರ್ಲೆಂಡಿನ ಕಂಪನಿ ಕಾನೂನೂ ನಮ್ಮದೂ ಇಂಗ್ಲಿಷ್ ಕಾನೂನಿನ ಬೇರಿನವು. ಡೈರೆಕ್ಟರ್, ಸೆಕ್ರೆಟರಿ, ಆನ್ಯುವಲ್ ರಿಟರ್ನ್ ಎಲ್ಲ ಪರಿಚಿತ. ನೋಟರಿಯ ಕಾಟ ಇಲ್ಲ. ಷೇರು ಬೇರೆಯವರಿಗೆ ವರ್ಗಾಯಿಸುವುದಕ್ಕೆ ಒಂದು ಫಾರ್ಮ್ ಸಾಕು. 2014ರ ಕಾಯ್ದೆ 2015ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ ಒಬ್ಬನೇ ಡೈರೆಕ್ಟರ್ ಇದ್ದರೂ ಆಗುತ್ತದೆ, ಆದರೆ ಸೆಕ್ರೆಟರಿ ಬೇರೆಯವರೇ ಆಗಿರಬೇಕು. ಆನ್‌ಲೈನ್ ನೋಂದಣಿ ಶುಲ್ಕ 50 ಯೂರೊ.

ಕಗ್ಗಂಟು ಒಂದಿದೆ. ಕನಿಷ್ಠ ಒಬ್ಬ ಡೈರೆಕ್ಟರ್ ಯುರೋಪಿಯನ್ ಆರ್ಥಿಕ ವಲಯದ ನಿವಾಸಿ ಆಗಿರಬೇಕು. ಇಲ್ಲದಿದ್ದರೆ 25,000 ಯೂರೊ ಮೊತ್ತದ ಬಾಂಡ್ ಮಾಡಿಸಬೇಕು. ಅಷ್ಟೂ ಹಣ ಕಟ್ಟಬೇಕಿಲ್ಲ, ವಿಮೆಯ ಹಾಗೆ ಪ್ರೀಮಿಯಂ ಕಟ್ಟಿದರೆ ಸಾಕು. ಆದರೆ ಅದು ಎರಡು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಮಾಡಿಸಬೇಕು. ಹೆಸರಿಗೊಬ್ಬ ಡೈರೆಕ್ಟರನ್ನು ಬಾಡಿಗೆಗೆ ತರುವ ಸಲಹೆ ನಿಮಗೆ ಸಿಗುತ್ತದೆ. ನನ್ನ ಪ್ರಕಾರ ಬಾಂಡೇ ವಾಸಿ. ಗುರುತಿಲ್ಲದವರ ಕೈಗೆ ಸಹಿಯ ಅಧಿಕಾರ ಕೊಟ್ಟು ನಿದ್ದೆ ಕೆಡಿಸಿಕೊಳ್ಳುವುದೇಕೆ?

ತೆರಿಗೆ 12.5% ಅನ್ನುವುದು ಎಲ್ಲರಿಗೂ ಗೊತ್ತು. ಆ ದರ ಐರ್ಲೆಂಡಿನಲ್ಲಿ ನಡೆಯುವ ವ್ಯಾಪಾರಕ್ಕೆ. ಪೂರ್ತಿ ಹೊರಗೇ ನಡೆಯುವ ವ್ಯಾಪಾರಕ್ಕೆ, ಬಡ್ಡಿ ಬಾಡಿಗೆಯಂಥ ಆದಾಯಕ್ಕೆ 25%. ಅಂದರೆ ಹುಬ್ಬಳ್ಳಿಯಲ್ಲಿ ಕೂತು ಎಲ್ಲ ಕೆಲಸ ಮಾಡಿ ಡಬ್ಲಿನ್ ಕಂಪನಿಯ ಬಿಲ್ ಕಳಿಸುವವರು 12.5%ರ ಕನಸು ಕಾಣಬಾರದು.

ವಾರ್ಷಿಕ ರಿಟರ್ನ್ ಶುಲ್ಕ 20 ಯೂರೊ, ಚಿಲ್ಲರೆ ಕಾಸು. ತಡ ಮಾಡಿದರೆ ಮೊದಲು 100 ಯೂರೊ, ಆಮೇಲೆ ದಿನಕ್ಕೆ 3ರಂತೆ 1,200ರವರೆಗೆ. ಮೊದಲ ರಿಟರ್ನ್ ಕಂಪನಿ ಹುಟ್ಟಿ ಆರು ತಿಂಗಳಿಗೇ ಬರುತ್ತದೆ. ವ್ಯವಹಾರವೇ ಶುರುವಾಗಿಲ್ಲ, ಏನು ರಿಟರ್ನ್ ಅಂತ ತುಂಬ ಜನ ಮರೆಯುವುದು ಇದನ್ನೇ. ಮುಚ್ಚುವುದು ಇಲ್ಲಿ ಸಲೀಸು. ಸಾಲ ಇಲ್ಲದ, ನಿಂತುಹೋದ ಕಂಪನಿಯನ್ನು ಅರ್ಜಿ ಹಾಕಿ ರಿಜಿಸ್ಟರ್‌ನಿಂದ ತೆಗೆಸಬಹುದು.

ಡಬ್ಲಿನ್‌ನಲ್ಲಿ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಮೇಲೆ ಇರುವವರೇ, ಸ್ವಲ್ಪ ತಡೆಯಿರಿ. ಆ ಪರ್ಮಿಟ್ ನಿಮ್ಮ ಉದ್ಯೋಗದಾತನಿಗೆ ಮಾತ್ರ ಕೆಲಸ ಮಾಡಲು. ಯಾರ ಬಳಿ ಬೇಕಾದರೂ ದುಡಿಯಲು ಬಿಡುವ ಸ್ಟಾಂಪ್ 4 ಎಂಬ ವಾಸದ ಪರವಾನಗಿ ಸಿಕ್ಕ ಮೇಲೆ ಸ್ವಂತ ವ್ಯವಹಾರಕ್ಕೆ ಅಡ್ಡಿಯಿಲ್ಲ.

ನೆದರ್ಲೆಂಡ್ಸ್: ಸರಕು ಇಳಿಸುವವರಿಗೆ

ಸೇವೆ ಮಾರುವವರಿಗಿಂತ ಸರಕು ಮಾರುವವರು ಇದನ್ನು ಗಮನವಿಟ್ಟು ಓದಿ. ಚನ್ನಪಟ್ಟಣದ ಬೊಂಬೆಯನ್ನೇ ತೆಗೆದುಕೊಳ್ಳಿ. 2021ರ ಜುಲೈನಿಂದ ಆಟಿಕೆಯಂಥ ಸರಕಿಗೆ ಒಕ್ಕೂಟದೊಳಗೇ ಜವಾಬ್ದಾರಿ ಹೊರುವ ಒಬ್ಬರು ಬೇಕು: ಆಮದುದಾರ, ಅಧಿಕೃತ ಪ್ರತಿನಿಧಿ, ಯಾರಾದರೂ. ಅವರ ಹೆಸರು ವಿಳಾಸ ಡಬ್ಬಿಯ ಮೇಲೋ ಸರಕಿನ ಮೇಲೋ ಇರಬೇಕು. 2024ರ ಡಿಸೆಂಬರ್‌ನಿಂದ ಇಂಥ ಜವಾಬ್ದಾರನ ನಿಯಮ ಬಹುತೇಕ ಎಲ್ಲ ಗ್ರಾಹಕ ಸರಕುಗಳಿಗೂ ಬಂದಿದೆ. ಸಣ್ಣ ಪ್ರಮಾಣದಲ್ಲಿ ಕಳಿಸುವವರು ಪ್ರತಿನಿಧಿಯನ್ನು ಇಟ್ಟುಕೊಂಡರೆ ಸಾಕು, ಕಂಪನಿ ಬೇಡ. ಕಂಟೇನರ್ ಲೆಕ್ಕದಲ್ಲಿ ಹೋಗುವುದಾದರೆ ಮಾತ್ರ ಬಿವಿ (ಅಲ್ಲಿನ ಪ್ರೈವೇಟ್ ಲಿಮಿಟೆಡ್ ಕಂಪನಿ) ತೆರೆಯುವ ಯೋಚನೆ ಮಾಡಿ.

ಬಿವಿಯೇ ಯಾಕೆ? ರಾಟರ್‌ಡ್ಯಾಂ ಬಂದರು ಒಂದು ಕಾರಣ. ಅದಕ್ಕಿಂತ ದೊಡ್ಡದು ಆರ್ಟಿಕಲ್ 23 ಲೈಸೆನ್ಸ್. 50,000 ಯೂರೊ ಸರಕು ಇಳಿಯಿತು ಎನ್ನಿ. 21% ವ್ಯಾಟ್ ಅಂದರೆ 10,500 ಯೂರೊವನ್ನು ಕಸ್ಟಮ್ಸ್‌ನಲ್ಲೇ ಕಟ್ಟಿ, ಆಮೇಲೆ ರಿಟರ್ನ್ ಹಾಕಿ ವಾಪಸು ಪಡೆಯಬೇಕು. ಈ ಲೈಸೆನ್ಸ್ ಇದ್ದರೆ ಆ ವ್ಯಾಟ್ ಅನ್ನು ಬಂದರಿನಲ್ಲಿ ಕಟ್ಟುವ ಬದಲು ರಿಟರ್ನ್‌ನಲ್ಲೇ ಒಂದು ಕಡೆ ಬರೆದು ಇನ್ನೊಂದು ಕಡೆ ಕಳೆದುಬಿಡಬಹುದು. ಸಣ್ಣ ವ್ಯಾಪಾರಿಗೆ ಹತ್ತು ಸಾವಿರ ಯೂರೊ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುವುದಕ್ಕೂ ಕೈಯಲ್ಲಿ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಐರ್ಲೆಂಡಿನಲ್ಲೂ ಇಂಥ ಮುಂದೂಡಿಕೆ ಇದೆ, ಆದರೆ ಸರಕು ಅಲ್ಲಿಂದ ಯುರೋಪಿನ ನೆಲಕ್ಕೆ ಮತ್ತೆ ಹಡಗು ಹತ್ತಬೇಕು.

2012ರ ಬದಲಾವಣೆಯಿಂದ ಬಿವಿ ತುಂಬ ಸಡಿಲವಾಗಿದೆ. ಮತದ ಹಕ್ಕಿಲ್ಲದ ಷೇರು ಕೊಡಬಹುದು, ಲಾಭದ ಹಕ್ಕಿಲ್ಲದ ಷೇರೂ ಕೊಡಬಹುದು. ಬಂಡವಾಳದ ರಕ್ಷಣೆ ಹೋದ ಜಾಗದಲ್ಲಿ ಬೇರೊಂದು ಪರೀಕ್ಷೆ ಬಂದಿದೆ. ಡಿವಿಡೆಂಡ್ ಕೊಟ್ಟ ಮೇಲೂ ಕಂಪನಿ ತನ್ನ ಸಾಲ ತೀರಿಸಬಲ್ಲದೇ ಎಂದು ಡೈರೆಕ್ಟರುಗಳು ನೋಡಿ ಒಪ್ಪಬೇಕು. ತೀರಿಸಲಾಗದು ಎಂದು ಗೊತ್ತಿದ್ದೂ ಒಪ್ಪಿದರೆ ಕೈಯಿಂದ ತುಂಬಬೇಕಾಗಬಹುದು. ತೆರಿಗೆ 2 ಲಕ್ಷ ಯೂರೊ ಲಾಭದವರೆಗೆ 19%, ಮೇಲೆ 25.8%. ನೋಟರಿ ಇಲ್ಲಿ ಬೇಕೇ ಬೇಕು, ಷೇರು ವರ್ಗಾವಣೆಗೂ ಬೇಕು.

ಅಲ್ಲೇ ನೆಲೆಸಿ, 5% ಅಥವಾ ಜಾಸ್ತಿ ಷೇರು ಇಟ್ಟುಕೊಂಡು ಸ್ವಂತ ಬಿವಿಗೆ ದುಡಿಯುವವರಿಗೆ ಒಂದು ವಿಚಿತ್ರ ನಿಯಮವಿದೆ. ನೀವೇ ನಿಮಗೆ ಒಂದು ಮಟ್ಟದ ಸಂಬಳ ಕೊಟ್ಟುಕೊಳ್ಳಬೇಕು. 2025ರಲ್ಲಿ ಅದು ಸಾಮಾನ್ಯವಾಗಿ 56,000 ಯೂರೊ. ಡಿವಿಡೆಂಡ್ ಮಾತ್ರ ತೆಗೆದು ಸಂಬಳದ ತೆರಿಗೆ ತಪ್ಪಿಸುವವರಿಗೆ ಹಾಕಿದ ಲಗಾಮು ಇದು. ವರ್ಷಕ್ಕೆ ಎಪ್ಪತ್ತು ಎಂಬತ್ತು ಸಾವಿರ ಯೂರೊ ಬರುವ ಅಂದಾಜಿಲ್ಲದಿದ್ದರೆ, ಬಿವಿ ಬದಲು ಏಕವ್ಯಕ್ತಿ ವ್ಯವಹಾರವಾಗಿ ಶುರು ಮಾಡುವುದೇ ಮೇಲು.

ಜರ್ಮನಿ: ಕಾಗದ ಜಾಸ್ತಿ, ಮಾತಿಗೆ ಬೆಲೆಯೂ ಜಾಸ್ತಿ

ಇಲ್ಲಿ ಎರಡು ದಾರಿ. 1892ರಿಂದ ಇರುವ ಜಿಎಂಬಿಎಚ್ ಎಂಬ ಪ್ರೈವೇಟ್ ಲಿಮಿಟೆಡ್ ಕಂಪನಿ: ಬಂಡವಾಳ 25,000 ಯೂರೊ, ನೋಂದಣಿ ವೇಳೆಗೆ 12,500 ಬ್ಯಾಂಕಿನಲ್ಲಿರಬೇಕು. 2008ರಲ್ಲಿ ಬಂದ ಅದರ ಸಣ್ಣ ರೂಪ ಯುಜಿ: 1 ಯೂರೊ ಸಾಕು.

ಯುಜಿಯ ಒಳಗುಟ್ಟು ಹೀಗಿದೆ. ವರ್ಷದ ಲಾಭದ ಕಾಲು ಭಾಗವನ್ನು ಹಂಚದೆ ಎತ್ತಿಡಬೇಕು. 20,000 ಯೂರೊ ಲಾಭ ಬಂದರೆ 5,000 ಮುಟ್ಟುವ ಹಾಗಿಲ್ಲ. ಬಂಡವಾಳ 25,000ಕ್ಕೆ ಏರಿಸಿ ಜಿಎಂಬಿಎಚ್ ಆಗುವವರೆಗೆ ಇದು ನಡೆಯುತ್ತದೆ. ಹೆಸರಿನ ಮುಂದೆ ಹೊಣೆ ಸೀಮಿತ ಎಂಬರ್ಥದ 'ಹಾಫ್ಟುಂಗ್ಸ್‌ಬೆಶ್ರೆಂಕ್ಟ್' ಎಂಬ ಪದವನ್ನು ಪೂರ್ತಿ ಬರೆಯಲೇಬೇಕು, ಚುಟುಕು ಮಾಡುವಂತಿಲ್ಲ. ಲೆಟರ್‌ಹೆಡ್ ನೋಡಿದ ಕೂಡಲೇ ಎದುರಿನವರಿಗೆ ಬಂಡವಾಳ ಎಷ್ಟೆಂದು ಅಂದಾಜು ಸಿಗುತ್ತದೆ. ನಿಜವಾಗಿಯೂ 1 ಯೂರೊ ಹಾಕಿ ತೆರೆಯಬೇಡಿ. ಕೆಲವು ಬಿಲ್ ಬಂದ ಕೂಡಲೇ ಕಂಪನಿ ಲೆಕ್ಕದಲ್ಲಿ ಮೈನಸ್ ಆಗುತ್ತದೆ. ಜರ್ಮನಿಯಲ್ಲಿ ಸಾಲ ಆಸ್ತಿಯನ್ನು ಮೀರಿ, ಕಂಪನಿ ಮುಂದುವರಿಯುವ ಭರವಸೆಯೂ ಇಲ್ಲದಿದ್ದಾಗ ದಿವಾಳಿ ಅರ್ಜಿ ಹಾಕುವುದು ಡೈರೆಕ್ಟರನ ಕರ್ತವ್ಯ. ತಡ ಮಾಡಿದರೆ ಕ್ರಿಮಿನಲ್ ಕೇಸ್. ಒಂದೆರಡು ಸಾವಿರ ಯೂರೊ ಹಾಕಿ ಶುರು ಮಾಡುವುದು ಕ್ಷೇಮ. ಡೆನ್ಮಾರ್ಕ್ ಕೂಡ 2014ರಲ್ಲಿ 1 ಕ್ರೋನ್ ಕಂಪನಿ ತಂದು, ದುರುಪಯೋಗ ಕಂಡು 2019ರಲ್ಲಿ ನಿಲ್ಲಿಸಿಬಿಟ್ಟಿತು.

ನೋಟರಿ ಕಚೇರಿಯ ದೃಶ್ಯ ನಮ್ಮವರಿಗೆ ಹೊಸದು. ನಮ್ಮಲ್ಲಿ ನೋಟರಿ ಅಂದರೆ ಕೋರ್ಟಿನ ಮುಂದಿನ ಮೇಜು, ಒಂದು ಸೀಲು, ಎರಡು ನಿಮಿಷ. ಅಲ್ಲಿ ನೋಟರಿ ದಾಖಲೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಮ್ಮೆದುರು ಗಟ್ಟಿಯಾಗಿ ಓದಬೇಕು. ಕಾನೂನೇ ಹಾಗಿದೆ. ನಿಮಗೆ ಜರ್ಮನ್ ಬರದಿದ್ದರೆ ಪಕ್ಕದಲ್ಲಿ ಅನುವಾದಕರು ಬೇಕು, ಅವರ ಖರ್ಚು ನಿಮ್ಮದೇ. ಮೂವರವರೆಗೆ ಪಾಲುದಾರರು, ಒಬ್ಬನೇ ಡೈರೆಕ್ಟರ್ ಇದ್ದರೆ ಸರ್ಕಾರದ ಮಾದರಿ ದಾಖಲೆ ಬಳಸಬಹುದು, ಖರ್ಚು ಕಡಿಮೆಯಾಗುತ್ತದೆ. ಆದರೆ ಅದರಲ್ಲಿ ಏನನ್ನೂ ತಿದ್ದುವಂತಿಲ್ಲ. ಇಬ್ಬರು ಗೆಳೆಯರು ಸೇರಿ ಮಾಡುವುದಾದರೆ, ಒಬ್ಬ ಬಿಟ್ಟುಹೋದರೆ ಏನು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಲ್ಲಿ ದುಡ್ಡು ಉಳಿಸಬೇಡಿ.

ತೆರಿಗೆ ಎಲ್ಲ ಸೇರಿ 30%ರ ಆಸುಪಾಸು. ವ್ಯಾಪಾರ ತೆರಿಗೆಯ ದರ ನಿಗದಿ ಮಾಡುವುದು ಊರಿನ ಆಡಳಿತ, ಹಾಗಾಗಿ ಊರಿನಿಂದ ಊರಿಗೆ ವ್ಯತ್ಯಾಸ. ತೆರಿಗೆ ಸಲಹೆಗಾರರಿಗೆ ವರ್ಷಕ್ಕೆ ಕೆಲವು ಸಾವಿರ ಯೂರೊ ಎತ್ತಿಡಿ. ಮುಚ್ಚುವಾಗ ಸಾಲ ಕೊಟ್ಟವರಿಗೆ ನೋಟಿಸ್ ಕೊಟ್ಟು ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು? ಗಿರಾಕಿ ಸ್ಟುಟ್‌ಗಾರ್ಟ್‌ನ ಕಾರ್ಖಾನೆಯಾಗಿದ್ದರೆ ಉತ್ತರ ತಾನೇ ಸಿಗುತ್ತದೆ. ಅಂಥವರು ಜಿಎಂಬಿಎಚ್ ನೋಡಿ ಮಾತಾಡುತ್ತಾರೆ. ಜರ್ಮನಿಯಲ್ಲೇ ನೆಲೆಸಿದವರು ತೆರಿಗೆ ಉಳಿಸಲು ಎಸ್ಟೋನಿಯಾದಲ್ಲಿ ತೆರೆದರೂ ಲಾಭವಿಲ್ಲ. ನೀವು ಬರ್ಲಿನ್‌ನಲ್ಲಿ ಕೂತು ನಡೆಸುವ ಕಂಪನಿಯನ್ನು ಜರ್ಮನಿಯ ತೆರಿಗೆ ಇಲಾಖೆ ತನ್ನದೆಂದೇ ನೋಡುತ್ತದೆ. ಆಗ ಎರಡು ದೇಶದ ಲೆಕ್ಕ ಬರೆಯುವ ಕೆಲಸ ಮಾತ್ರ ಮಿಕ್ಕುತ್ತದೆ. ಬ್ಲೂ ಕಾರ್ಡ್ (ನುರಿತ ವಿದೇಶಿ ಉದ್ಯೋಗಿಗಳ ವಾಸದ ಪರವಾನಗಿ) ಮೇಲಿರುವವರು ಸ್ವಂತ ವ್ಯವಹಾರಕ್ಕೆ ಮೊದಲು ವಿದೇಶಿಯರ ಕಚೇರಿಯ ಅನುಮತಿ ಕೇಳಿಕೊಳ್ಳಿ.

ಬ್ರಿಟನ್ ಒಕ್ಕೂಟ ಬಿಟ್ಟಿದ್ದರಿಂದ ಲಂಡನ್ನಿನ ಲಿಮಿಟೆಡ್ ಈಗ ಈ ಸಾಲಿನಲ್ಲಿಲ್ಲ. 2021ರ ಜನವರಿಯಿಂದ, ಬ್ರಿಟನ್ನಿನಲ್ಲಿ ನೋಂದಾಯಿಸಿ ಜರ್ಮನಿಯಿಂದ ನಡೆಸುವ ಕಂಪನಿಗೆ ಅಲ್ಲಿ ಸೀಮಿತ ಹೊಣೆಯ ರಕ್ಷಣೆಯೇ ಉಳಿದಿಲ್ಲ. ಬ್ರಿಟನ್ನಿನ ಗಿರಾಕಿಗಳಿಗೆ ಮಾತ್ರ ಅದು ಸರಿ.

ಹೊಸ ಯುರೋಪಿಯನ್ ಕಂಪನಿಗೆ ಕಾಯಬೇಕಾ?

ಇಡೀ ಒಕ್ಕೂಟಕ್ಕೆ ಒಂದೇ ಸಣ್ಣ ಕಂಪನಿ ತರುವ ಮಾತು ಹಳೆಯದು. 2008ರಲ್ಲಿ ಒಂದು ಪ್ರಸ್ತಾವ ಬಂತು, ಬಿದ್ದುಹೋಯಿತು. 2014ರಲ್ಲಿ ಇನ್ನೊಂದು, ಅದನ್ನೂ ವಾಪಸು ತೆಗೆದುಕೊಂಡರು. 2024ರಲ್ಲಿ ಇಟಲಿಯ ಮಾಜಿ ಪ್ರಧಾನಿ ಎನ್ರಿಕೊ ಲೆಟ್ಟಾ ವರದಿ '28ನೇ ವ್ಯವಸ್ಥೆ' (27 ದೇಶಗಳ ಕಾನೂನಿನ ಜೊತೆಗೆ ಇನ್ನೊಂದು) ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿತು. ಇದು ಬಂದರೂ ತೆರಿಗೆ ಒಂದಾಗುತ್ತದೆ ಎಂದುಕೊಳ್ಳಬೇಡಿ. ತೆರಿಗೆ ವಿಷಯದಲ್ಲಿ ಒಕ್ಕೂಟದ 27 ದೇಶಗಳೂ ಒಪ್ಪಬೇಕು, ಒಂದು ದೇಶ ತಲೆಯಾಡಿಸದಿದ್ದರೂ ಕೆಲಸ ನಿಲ್ಲುತ್ತದೆ. ಗಿರಾಕಿ ಈಗಲೇ ಕಾಯುತ್ತಿದ್ದರೆ ನೀವು ಬ್ರಸೆಲ್ಸ್‌ಗೆ ಕಾಯಬೇಡಿ.

ಇವತ್ತು ಆರಿಸಿದ ದೇಶದಲ್ಲೇ ಕೊನೆಯವರೆಗೆ ಇರಬೇಕು ಎಂದೂ ಇಲ್ಲ. 2019ರ ಇನ್ನೊಂದು ನಿರ್ದೇಶನದ ಪ್ರಕಾರ ಒಂದು ದೇಶದ ಕಂಪನಿ ಮುಚ್ಚದೆಯೇ ಮತ್ತೊಂದು ದೇಶದ ಕಂಪನಿಯಾಗಿ ರೂಪ ಬದಲಿಸಬಹುದು. ದೇಶಗಳು ಇದನ್ನು 2023ರ ಜನವರಿ ಕೊನೆಯೊಳಗೆ ತಮ್ಮ ಕಾನೂನಿಗೆ ತರಬೇಕಿತ್ತು. ಎಸ್ಟೋನಿಯಾದಲ್ಲಿ ಶುರು ಮಾಡಿ, ವ್ಯಾಪಾರ ಕುದುರಿದ ಮೇಲೆ ಆಮ್‌ಸ್ಟರ್‌ಡ್ಯಾಂಗೆ ಹೋಗುವುದು ಈಗ ಕಾನೂನಿನಲ್ಲಿದೆ. ಆದರೆ ವಕೀಲರು, ಲೆಕ್ಕಿಗರು, ಸಾಲ ಕೊಟ್ಟವರಿಗೆ ನೋಟಿಸ್, ಬಿಟ್ಟುಹೋಗುವ ದೇಶಕ್ಕೆ ಕಟ್ಟಬೇಕಾದ ತೆರಿಗೆ ಎಲ್ಲ ಸೇರಿ, ಸಣ್ಣ ಕಂಪನಿಗೆ ಆ ಖರ್ಚು ಹೊಸದೊಂದನ್ನು ತೆರೆಯುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ.